ಬಟ್ಟಲಲ್ಲಿ ತಂದ ನೇರಳೆ ಬಣ್ಣ

ಮಧ್ಯಾಹ್ನ ಮೂರೂವರೆಗೆ ಔಷಧದ ಶೀಶೆ ಒಡೆಯಿತು. ಆ ಹೊತ್ತು ಇನ್ನೂ ನೆನಪಿದೆ, ಏಕೆಂದರೆ ಆಗಲೇ ರೋಣದ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮ ಓಣಿಯ ಮುಂದೆ ಹಾದುಹೋಯಿತು. ಅದರಲ್ಲಿ ಡಾಕ್ಟರು ಕೂತಿದ್ದರೆಂದು ಆಮೇಲೆ ತಿಳಿಯಿತು. ತೊಟ್ಟಿಲು ತೂಗುತ್ತಲೇ ತೂಕಡಿಸಿದ ಅಕ್ಕನ ಮೊಣಕೈ ಗೋಡೆಯ ಗೂಡಿನಲ್ಲಿದ್ದ ಶೀಶೆಗೆ ತಗುಲಿತ್ತು. ಸಾರಿಸಿದ ನೆಲ ಅದರೊಳಗಿನ ನೇರಳೆ ಬಣ್ಣದ ಔಷಧವನ್ನೆಲ್ಲ ಕುಡಿದುಬಿಟ್ಟಿತು.

ಅಕ್ಕ ಬಾಣಂತನಕ್ಕೆ ಗಜೇಂದ್ರಗಡದ ನಮ್ಮ ಮನೆಗೆ ಬಂದಿದ್ದಳು. ನಾನು ಧಾರವಾಡದಲ್ಲಿ ಕಾಲೇಜಿನ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಕೂಸಿಗೆ ಕೆಮ್ಮು ಜ್ವರ ಬಂದು ಸೂಜಿ ಹಾಕಿಸಿದ ಮೇಲೆ ಭೇದಿ ಹತ್ತಿತು. ಅದೇನೋ ನಿಂತಿತು, ಆದರೆ ತೊಡೆಸಂದು ಕೆಂಪಾಯಿತು. ಅವ್ವ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು, ಒಣಗಲೆಂದು ಜೋಳದ ಹಿಟ್ಟು ಉದುರಿಸಿದಳು. ಮೇಲೆ ಮಗ್ಗದಿಂದ ಇಳಿದ ಹೊಸ ಬಟ್ಟೆಯ ತುಂಡುಗಳನ್ನು ಬಿಗಿಯಾಗಿ ಕಟ್ಟಿದಳು. ನೂಲಿನ ಗಂಜಿ ಇನ್ನೂ ಹೋಗದ, ಒದ್ದೆಯಾದರೆ ಅಂಟಂಟಾಗುವ ಬಟ್ಟೆ ಅದು. ಬಾಣಂತಿ ಕೋಣೆಗೆ ಗಾಳಿ ಬರಬಾರದೆಂದು ಕಿಟಕಿ ಮುಚ್ಚಿ, ಅಕ್ಕ ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟಿದ್ದರು. ಒಂದು ವಾರದೊಳಗೆ ಆ ಕೆಂಪು ಹಸಿ ಮಾಂಸದಂತೆ ಹೊಳೆಯತೊಡಗಿತು. ಅಂಚಿನಲ್ಲಿ ಸಾಸಿವೆಯಂಥ ಗುಳ್ಳೆಗಳು ಎದ್ದವು. ನಾಲಗೆಯ ಮೇಲೂ ಬಿಳಿ ಪದರು ಬಂದು ಕೂಸು ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಅಕ್ಕನಿಗೆ ಅದು ಮೊದಲ ಕೂಸಲ್ಲ. ಮೊದಲನೆಯದು ತಿಂಗಳು ತುಂಬುವ ಮೊದಲೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಡಾಕ್ಟರು ನೋಡಿ, "ಇದು ಬರೇ ಉರಿ ಅಲ್ಲ. ತಂಗಳ ರೊಟ್ಟಿಗೆ ಬೂಸ್ಟು ಹಿಡೀತದಲ್ಲ, ಹಂಗ ಹಿಡದದ. ಹಸಿ, ಕಾವು, ಹಿಟ್ಟು ಎಲ್ಲಾ ಕೊಟ್ಟು ಚಲೋ ಸಾಕೀರಿ ಅದನ್ನ," ಎಂದು ನೇರಳೆ ಔಷಧ ಕೊಟ್ಟಿದ್ದರು. ಎರಡೇ ದಿನ ಹಚ್ಚಿದ್ದಕ್ಕೆ ಗುಳ್ಳೆಗಳು ಬಾಡಿದ್ದವು. ನಮ್ಮ ಸೋದರತ್ತೆ ಕಲೆಯಾದ ಅರಿವೆಗಳನ್ನು ಎತ್ತಿ ನೋಡಿ ನಕ್ಕಿದ್ದಳು.

"ಇದೇನ್ ದವಾನ, ಬಣ್ಣದ ನೀರ? ಹಿಂಗಾದ್ರ ನನ್ನ ಮೈದುನನ ಬಾನ್ಯಾಗ ಊರಿಗೆಲ್ಲಾ ಆಗೂವಷ್ಟು ದವಾ ಐತಿ."

ಅತ್ತೆ ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ದೊಡ್ಡ ಬಾನಿಯಲ್ಲಿ ಬಣ್ಣ ಕಲಸಿ ನೂಲು ಅದ್ದುವ ಅವಳ ಮೈದುನನ ಮನೆ ಹಿಂದಿನ ಓಣಿಯಲ್ಲಿತ್ತು. ಅವಳ ಮಾತಿಗೆ ಎಲ್ಲರೂ ನಕ್ಕಿದ್ದೆವು, ನಾನೂ ನಕ್ಕಿದ್ದೆ.

ಶೀಶೆ ಒಡೆದೊಡನೆ ನಾನು ದವಾಖಾನೆಗೆ ಓಡಿದೆ. ಕಂಪೌಂಡರ್ ಬೀರುವಿನ ಬೀಗ ತೋರಿಸಿದ. "ಕೀಲಿ ಸಾಹೇಬ್ರ ಕಿಸೆದಾಗ ಐತ್ರಿ. ರೋಣಕ್ಕ ಹೋಗ್ಯಾರ. ದೀಪ ಹಚ್ಚೂ ಹೊತ್ತಿನ ಬಸ್ಸಿಗೆ ಬರ್ತಾರ."

ತಿರುಗಿ ಬರುವಾಗ ಓಣಿಯ ತುದಿಯಲ್ಲೇ ಅಳು ಕೇಳಿಸಿತು. ಅಷ್ಟು ದಿನ ಕೇಳಿದ ಅಳುವಲ್ಲ ಅದು. ಉಸಿರು ಸಿಕ್ಕಿಕೊಂಡು, ನಡುವೆ ಕಡಿದುಹೋಗಿ, ಮತ್ತೆ ಚೀರಿಕೊಂಡು ಏಳುತ್ತಿತ್ತು.

ಕೋಣೆಯಲ್ಲಿ ಅಕ್ಕ ಕೂಸಿನ ಎರಡೂ ಕಾಲು ಎತ್ತಿ ಹಿಡಿದಿದ್ದಳು. ಅತ್ತೆಯ ಮುಂದೆ ಒಂದು ಕಂಚಿನ ಬಟ್ಟಲು, ಅದರ ತುಂಬ ಕಡು ನೇರಳೆ. ಅವಳ ಕೈಯಲ್ಲಿ ಅದ್ದಿದ ಅರಿವೆ. ಕೂಸಿನ ಬಲ ತೊಡೆಗೆ ಆಗಲೇ ಒಮ್ಮೆ ಹಚ್ಚಿ ಆಗಿತ್ತು.

"ಬಂದ್ಯಾ? ದವಾ ಸಿಗಲಿಲ್ಲ ಹೌದಲ್ಲ? ನನಗ ಗೊತ್ತಿತ್ತು, ಅದಕ್ಕ ಬಣ್ಣದ ಮನೀಗೆ ಹೋಗಿ ಬಂದೆ. ಮೈದುನ ಇರಲಿಲ್ಲ, ನಾನ ಎತಗೊಂಡು ಬಂದೆ," ಎಂದಳು ಅತ್ತೆ. "ಸ್ವಲ್ಪ ಉರೀತೈತಿ. ದವಾ ಅಂದ್ಮ್ಯಾಲ ಉರೀಲಾರದ ಇರತೈತೇನ?"

ನಾನು ಬಟ್ಟಲನ್ನು ಅತ್ತ ಸರಿಸಲು ಕೈಯಿಟ್ಟೆ. ಅಂಚಿನ ಹನಿ ಬೆರಳಿಗೆ ತಾಗಿತು. ಹೆಬ್ಬೆರಳಿನಿಂದ ಉಜ್ಜಿದೆ, ಸಾಬೂನಿನಂತೆ ಜಾರಿತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದೇ ಜಾರಿಕೆ ನನ್ನ ಬೆರಳಿಗೆ ಪರಿಚಯವಾಗಿತ್ತು. ಕಾಸ್ಟಿಕ್ ಸೋಡಾ ಚರ್ಮವನ್ನು ಕರಗಿಸುವಾಗ ಮೊದಲು ಹಾಗೆ ಜಾರುತ್ತದೆ, ಆಮೇಲೆ ಸುಡುತ್ತದೆ. ನೂಲಿಗೆ ಬಣ್ಣ ಹಿಡಿಯಲೆಂದು ಬಾನಿಗೆ ಸೋಡಾ ಹಾಕುತ್ತಾರೆಂದು ಆ ಮನೆಯ ಅಂಗಳದಲ್ಲಿ ಆಡಿ ಬೆಳೆದ ನನಗೆ ಗೊತ್ತಿತ್ತು.

"ಅತ್ತಿ, ಕೈ ತಗಿ. ಇದರಾಗ ಸೋಡಾ ಐತಿ. ಅವ್ವಾ, ನೀರು ಕೊಡು, ತಣ್ಣೀರು."

ಅವ್ವ ನೀರಿನ ಕೊಡದ ಮುಂದೆ ಅಡ್ಡ ನಿಂತಳು. "ಹಸೀ ಕೂಸಿಗೆ ತಣ್ಣೀರ? ಥಂಡಿ ಹತ್ತಿ ಮತ್ತ ಜ್ವರ ಬಂದ್ರ ಯಾರು ನೋಡವರು? ಹಂಡ್ಯಾಗ ಬಿಸಿನೀರೈತಿ, ಒರಸೂಣಂತ."

"ಒರಸಬ್ಯಾಡ, ತೊಗಲು ಕಿತ್ತು ಬರತೈತಿ. ಸುರೀಬೇಕು. ದಾರಿ ಬಿಡು."

"ಸಾಲಿ ಕಲತಾಕಿ ನೀ. ಕೂಸು ಹಡದು ಸಾಕಿದಾಕಿ ನಾನು."

ಅಕ್ಕ ಒಮ್ಮೆ ಅವ್ವನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಕೂಸಿನ ತುಟಿ ನೀಲಿಗಟ್ಟಿತ್ತು. ಇಂದಿಗೂ ನನ್ನ ನೆನಪು ಅಲ್ಲಿಗೇ ಬಂದು ನಿಲ್ಲುತ್ತದೆ, ಕೊಡದ ಮುಂದೆ ಅವ್ವ, ಅವಳ ಮುಂದೆ ನಾನು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು. ಒಂದು ಉಸಿರಿನಷ್ಟೇ ಇರಬೇಕು.

ಆಗ ಅತ್ತೆ ತನ್ನ ಕೈ ನೋಡಿಕೊಂಡಳು. ನೇರಳೆಯಾಗಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿ ಮತ್ತೆ ನೋಡಿದಳು.

"ವೈನಿ, ನನ್ನ ಬಟ್ಟೂ ಉರಿಯಾಕತ್ತಾವ," ಎಂದಳು ಅವ್ವನಿಗೆ, ಮೆಲ್ಲಗೆ. ಆಮೇಲೆ ಎದ್ದು, ಅವ್ವನನ್ನು ಭುಜ ಹಿಡಿದು ಸರಿಸಿ, ಕೊಡ ಎತ್ತಿದಳು.

ಕೂಸನ್ನು ಬಲಕ್ಕೆ ವಾಲಿಸಿ ಹಿಡಿದೆ, ಹರಿದ ನೀರು ಎಡ ತೊಡೆಗೆ ತಾಗಬಾರದೆಂದು. ಅತ್ತೆ ಸುರಿದಳು. ಆ ಕೊಡ ಮುಗಿಯುವುದರೊಳಗೆ ಅವ್ವನೇ ಇನ್ನೊಂದನ್ನು ತಂದಳು, ಆಮೇಲೆ ಮತ್ತೊಂದು. ಕೋಣೆಯಲ್ಲಿ ಹರಿದ ನೀರಿಗೆ ಹೊರಸಿನ ಕೆಳಗಿನ ಕೆಂಡ ಚುಂಯ್ ಎಂದು ಆರಿತು.

ದೀಪ ಹಚ್ಚಿದ ಮೇಲೆ ಡಾಕ್ಟರು ಬಂದರು. ತೊಡೆಯ ಮೇಲೆ ನೀರ್ಗುಳ್ಳೆ ಎದ್ದಿತ್ತು. ಸಂದಿನೊಳಕ್ಕೆ ಸುಟ್ಟಿರಲಿಲ್ಲ. ಅತ್ತೆ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. "ನೀರು ಹಾಕಿದ್ದಕ್ಕ ಉಳೀತು," ಎಂದಷ್ಟೇ ಹೇಳಿ ಹೊಸ ಶೀಶೆ ಕೊಟ್ಟರು. ಸುಟ್ಟಲ್ಲಿಗೆ ಬೇರೆ ಮುಲಾಮು. "ಕಿಟಕಿ ತಗೀರಿ. ಅರಿವಿ ಕಟ್ಟಬ್ಯಾಡ್ರಿ, ಬತ್ತಲ ಇರ್ಲಿ. ಹಾಸಾಕ ಹಳೇ ಧೋತರ, ಕುದಿಸಿ ಬಿಸಲಾಗ ಒಣಗಿಸಿದ್ದು. ಇನ್ನ ಎರಡು ದಿನ ಜ್ವರ ಬರ್ತದೇನು ನೋಡ್ಕೊಂಡಿರ್ರಿ."

ಜ್ವರ ನೋಡುವುದೇ ನಮ್ಮ ಕೆಲಸವಾಯಿತು. ಹಣೆ ಮುಟ್ಟಿ ಮುಟ್ಟಿ ನಮ್ಮ ಕೈಯ ಕಾವೋ ಕೂಸಿನದೋ ತಿಳಿಯದಂತಾಯಿತು. ನೊಣ ಕೂರದಂತೆ ಅತ್ತೆ ಸೆರಗು ಬೀಸುತ್ತ ತೊಟ್ಟಿಲ ಬುಡ ಬಿಟ್ಟು ಏಳಲಿಲ್ಲ. ಅವಳ ಬೆರಳ ತುದಿ ಸುಲಿದಿತ್ತು. ಅನ್ನ ಕಲಸಲಾಗದೆ ಚಮಚದಿಂದ ತಿನ್ನುತ್ತಿದ್ದಳು. "ಚಮಚದಾಗ ಉಣ್ಣೂ ಮಾಮಲೇದಾರ ಸಾಹೇಬ ಆಗೀನಿ ನೋಡು," ಎಂದಳು ಒಮ್ಮೆ. ಯಾರೂ ನಗಲಿಲ್ಲ. ಅಕ್ಕ ಅವಳೊಡನೆ ಮಾತಾಡುತ್ತಿರಲಿಲ್ಲ.

ಜ್ವರ ಬರಲಿಲ್ಲ. ನೇರಳೆಯ ಕೆಳಗೆ ಕೆಂಪು ಸಣ್ಣದಾಗುತ್ತ ಬಂತು, ನಾಲಗೆ ತಿಳಿಯಾಯಿತು, ಕೂಸು ಮೊಲೆ ಹಿಡಿಯಿತು. ಆದರೂ ತಾಸಿಗೊಮ್ಮೆ ಎದ್ದು ಅಳುವುದು ನಿಂತಿರಲಿಲ್ಲ.

ಸಂತೆಯ ದಿನ ಬೆಳಗ್ಗೆ ಪಕ್ಕದ ಮನೆಯ ಮಗ್ಗದ ಸದ್ದಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ರಾತ್ರಿ ಒಮ್ಮೆಯೂ ಅಳು ಕೇಳಿಸಿರಲಿಲ್ಲವೆಂದು ಹೊಳೆಯಿತು. ತೊಟ್ಟಿಲಿಗೆ ಒರಗಿದ್ದ ಅತ್ತೆಯೂ ಆಗಲೇ ಕಣ್ಣು ಬಿಟ್ಟಳು.

"ಯಾಕ ಅಳವಲ್ದು?" ಎಂದಳು. ಎದ್ದು ನೋಡುವ ಧೈರ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅಕ್ಕ ಹೊರಸಿನ ಮೇಲಿಂದ ಕೈ ಚಾಚಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಮಲಗೈತಿ," ಎಂದಳು. "ನೀನೂ ಮಕ್ಕೋ, ಅತ್ತಿ."