ದೊಡ್ಡಮ್ಮನ ಇತಿಹಾಸದ ಪಂಚೆ

ಒದ್ದೆ ಹತ್ತಿ ಬಟ್ಟೆಗೆ ಅರಿಶಿನ ತಾಗಿದರೆ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಈ ಸಲ ಪೊಂಗಲ್ ಹಿಂದಿನ ದಿನ ಕೋಯಂಬೇಡಿನ ಮಾರುಕಟ್ಟೆಯಲ್ಲಿ ಹಸಿ ಅರಿಶಿನದ ಗಿಡಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರಾಶಿ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದವಳು ನಟ್ಟನಡುವೆ ನಿಂತುಬಿಟ್ಟೆ. "ವಳಿ ವಿಡುಮ್ಮಾ" ಎಂದು ಹಿಂದಿನಿಂದ ಮೂಟೆ ಹೊತ್ತವನು ಗದರಿದಾಗ ದಾರಿ ಬಿಟ್ಟೆನಾದರೂ ಮನಸ್ಸು ಆಗಲೇ ನುಂಗಂಬಾಕ್ಕಂನ ನಮ್ಮ ಹಳೆಯ ಮನೆಯ ತಾರಸಿ ಹತ್ತಿಯಾಗಿತ್ತು. ಕೆಳಗೆ ದೊಡ್ಡಪ್ಪನ ಸಸ್ಯಾಹಾರಿ ಹೋಟೆಲು, ಮೇಲಿನ ನಾಲ್ಕು ಕೋಣೆಗಳಲ್ಲಿ ಕುಂದಾಪುರದ ಕಡೆಯಿಂದ ಬಂದ ನಾವು ಹದಿನಾಲ್ಕು ಜನ. ನೆಲಕ್ಕೆ ಕಾಲಿಟ್ಟರೆ ಅಡಿಗೆಮನೆಯ ಒಲೆಯ ಬಿಸಿ ಪಾದಕ್ಕೆ ಗೊತ್ತಾಗುತ್ತಿತ್ತು. ಈಗ ಅಲ್ಲಿ ಗಾಜಿನ ಕಟ್ಟಡವಿದೆ. ಯಾವ ಆಫೀಸೋ ತಿಳಿಯದು.

ದೊಡ್ಡಮ್ಮ ಎರಡು ಬೀದಿಯಾಚೆಯ ಶಾಲೆಯಲ್ಲಿ ಟೀಚರು. ಹೋಟೆಲಿನವರ ಮಕ್ಕಳೇ ಹೆಚ್ಚಾಗಿದ್ದ ಅಲ್ಲಿನ ಕನ್ನಡ ತರಗತಿಗೆ ಇತಿಹಾಸವನ್ನೂ ಪದ್ಯವನ್ನೂ ಅವಳೇ ಕಲಿಸುತ್ತಿದ್ದಳು. ಶಾಲೆ ಕೊಟ್ಟದ್ದು ಒಂದು ಹರಿದ ಭೂಪಟ ಮತ್ತು ಒಂದು ಡಬ್ಬಿ ಸೀಮೆಸುಣ್ಣ. ಉಳಿದದ್ದನ್ನೆಲ್ಲ ಅವಳು ಹೋಟೆಲಿನಿಂದಲೇ ಹೊಂದಿಸಿಕೊಳ್ಳುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಕೋಟೆಗಳು ಏಳುತ್ತಿದ್ದವು. ಯುದ್ಧಗಳು ಉದ್ದಿನಬೇಳೆ ಮತ್ತು ಕಡಲೆಬೇಳೆಯ ನಡುವೆ ನಡೆಯುತ್ತಿದ್ದವು. ಗೆದ್ದವರು, ಸೋತವರು ಎಲ್ಲರೂ ಮರುದಿನ ವಡೆಯಾಗುತ್ತಿದ್ದರು. ಹಳಗನ್ನಡದ ಪದ್ಯಕ್ಕೆ ಮಕ್ಕಳು ಬೋರಲು ಹಾಕಿದ ಪಾತ್ರೆಯ ಮೇಲೆ ಸೌಟಿನಿಂದ ತಾಳ ಹಾಕಬೇಕಿತ್ತು. ಆ ಗದ್ದಲಕ್ಕೆ ಪಕ್ಕದ ತರಗತಿಯ ಮೇಷ್ಟರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ನನಗಂತೂ ಪದ್ಯಕ್ಕಿಂತ ಅವರ ಮುಖ ನೋಡುವುದೇ ಖುಷಿ.

ನಾನು ನಾಲ್ಕನೆಯಲ್ಲಿದ್ದ ವರ್ಷ ಹೆಡ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು: ಹತ್ತು ಮಕ್ಕಳ ಹೆತ್ತವರು ಸಹಿ ಹಾಕದಿದ್ದರೆ ಮುಂದಿನ ವರ್ಷ ಕನ್ನಡ ತರಗತಿ ಇಲ್ಲ. ದೊಡ್ಡಮ್ಮನ ಊಟ ಅರ್ಧಕ್ಕಿಳಿಯಿತು. ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ವಾಸು ಮಾವ ಮಗಳು ಗಿರಿಜೆಯನ್ನು ತಮಿಳಿಗೆ ಸೇರಿಸುವುದೆಂದು ಆಗಲೇ ತೀರ್ಮಾನಿಸಿದ್ದರು. ಗಿರಿಜೆಯೂ ಏನು ಕೇಳಿದರೂ "ತೆರಿಯಾದು ಟೀಚರ್" ಎಂದು ತಮಿಳಿನಲ್ಲೇ ಗೊತ್ತಿಲ್ಲವೆನ್ನುವವಳು. ಹೆತ್ತವರನ್ನೆಲ್ಲ ಶಾಲೆಯಲ್ಲಿ ಒಂದು ಸಭೆಗೆ ಕರೆದು ಮನಸ್ಸು ತಿರುಗಿಸಲು ದೊಡ್ಡಮ್ಮ ಮೂರು ಹಳೆಯ ಪಂಚೆಗಳನ್ನು ಉದ್ದಕ್ಕೆ ಹೊಲಿದು ಸಾವಿರ ವರ್ಷದ ಇತಿಹಾಸ ಬರೆಯಲು ಕೂತಳು. ಬಣ್ಣದ ಖರ್ಚು ಬೇಡವೆಂದು ರಾಜ್ಯಗಳಿಗೆ ಅರಿಶಿನ, ಸಮುದ್ರಕ್ಕೆ ಬಟ್ಟೆಗೆ ಹಾಕುವ ನೀಲಿ, ಯುದ್ಧಗಳಿಗೆ ಕುಂಕುಮ. ಗೆರೆಯ ಮೇಲೆ ಅರಸರು, ಕೆಳಗೆ ಆಯಾ ಕಾಲದ ಪದ್ಯದ ಒಂದೊಂದು ಸಾಲು. ಎರಡು ತಿಂಗಳು ನಾನು ಅವಳ ಪಕ್ಕ ಕೂತು ಅರಿಶಿನ ಕಲಸಿಕೊಟ್ಟೆ.

ಸಭೆಯ ಹಿಂದಿನ ದಿನ ಬೆಳಿಗ್ಗೆ, ಒಣಗಲು ಹಾಕಿದ್ದ ಅದನ್ನು ತಾರಸಿಯಿಂದ ತಂದು ಮಡಿಸಿಡುವ ಕೆಲಸ ನನ್ನದು. ಶಾಲೆಗೆ ಒಯ್ಯಲು ಮರೆಯಬಾರದೆಂದು ಮೆಟ್ಟಿಲ ಬುಡದಲ್ಲಿ ಇಟ್ಟೆ. ನಮ್ಮ ಮನೆಯಲ್ಲಿ ಮೆಟ್ಟಿಲ ಬುಡದಲ್ಲಿರುವ ಬಟ್ಟೆಯೆಲ್ಲ ಧೋಬಿಯದು ಎಂಬುದು ಎಷ್ಟು ಹಳೆಯ ಪದ್ಧತಿಯೆಂದರೆ, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಡ್ಲಿ ಬಟ್ಟೆ, ಸಪ್ಲೈಯರುಗಳ ಪಂಚೆಗಳ ಜೊತೆ ಸಾವಿರ ವರ್ಷವೂ ಗಂಟಿನಲ್ಲಿ ಹೋಯಿತು. ಸಂಜೆ ಧೋಬಿ ಮುರುಗೇಶಣ್ಣ ಹೆಮ್ಮೆಯಿಂದ ಅದನ್ನು ಬಿಡಿಸಿ ತೋರಿಸಿದ. "ರೊಂಬ ಕೊಳೆ ಇತ್ತು ಅಮ್ಮಾ. ಎರಡು ಸಲ ಸೋಡಾ ಹಾಕಿ ಒಗೆದೆ." ಅರಿಶಿನದ ರಾಜ್ಯಗಳು ಸೋಡಾ ತಾಗಿ ಕೆಂಪು ಕಲೆಗಳಾಗಿದ್ದವು, ಸಮುದ್ರ ಇರಲೇ ಇಲ್ಲ. ಬೈಯುತ್ತಾಳೆಂದು ಕಾದೆ. ದೊಡ್ಡಮ್ಮ ಬೈಯದೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಬೈದಿದ್ದರೆ ವಾಸಿಯಿತ್ತು ಎಂದು ಈಗಲೂ ಅನಿಸುತ್ತದೆ.

ಮರುದಿನ ಮೂರು ಗಂಟೆಗೆ, ಊಟದ ಗಿರಾಕಿಗಳು ಮುಗಿದು ಟಿಫಿನ್ನಿನವರು ಬರುವ ಮುನ್ನ, ಹೋಟೆಲಿನವರೆಲ್ಲ ಶಾಲೆಗೆ ಬಂದರು. ದೊಡ್ಡಮ್ಮ ಆ ಕಲೆಗಟ್ಟಿದ ಪಂಚೆಯನ್ನೇ ಗೋಡೆಗೆ ಕಟ್ಟಿದ್ದಳು. "ಇದ್ರಗೆ ಸಾವಿರ ವರ್ಷ ಬರ್ದಿದ್ದೆ, ಕಾಣಿ. ಧೋಬಿ ಒಂದೇ ದಿನದಗೆ ತೊಳ್ದ್ ಕೊಟ್ಟ" ಎಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು. "ಈಗ ನೀವೇ ತುಂಬ್ಸಿ. ಈ ಊರಿಗೆ ಹ್ಯಾಂಗೆ ಬಂದ್ರಿ, ಅಷ್ಟ್ ಬರ್ದ್ ಕೊಡಿ" ಎಂದು ಇದ್ದಿಲಿನ ಚೂರು ಮುಂದೆ ಹಿಡಿದಳು. ಎಲ್ಲರೂ ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ವಾಸು ಮಾವ ಕೇಳಿದರು: "ನಮ್ಮೂರ್ ಯಾವ ಪುಸ್ತಕದಗೂ ಇಲ್ಲೆ ಟೀಚರೆ. ಅದನ್ ಬರಿಯೂಕ್ ಆತ್ತಾ?"

"ಅದನ್ನೇ ಮೊದ್ಲ್ ಬರಿ, ವಾಸು."

ಅವರು ದಪ್ಪ ದಪ್ಪ ಅಕ್ಷರಗಳಲ್ಲಿ ತಮ್ಮ ಹಳ್ಳಿಯ ಹೆಸರು ಬರೆದರು. ನಂತರ ಹೊಳೆ, ದೋಣಿ, ಮಂಗಳೂರಿನ ಬಸ್ಸು, ರೈಲು, ಕೂರಲು ಜಾಗವಿಲ್ಲದೆ ನಿಂತೇ ಕಳೆದ ಪ್ರಯಾಣ. ಬರೆಯುತ್ತ ಹೇಳುತ್ತ ಹೋದರು. ಬೆಂಚಿನಲ್ಲಿ ಕೂತಿದ್ದ ಗಿರಿಜೆ ಎದ್ದು ಬಂದು ಅವರ ಅಂಗಿ ಜಗ್ಗಿದಳು. "ಅಪ್ಪಾ, ನೀ ದೋಣಿಯಗೆ ಬಂದ್ಯಾ?" ಅವಳು ತಮಿಳು ಬಿಟ್ಟು ಮಾತಾಡಿದ್ದು ಅವಳಿಗೇ ತಿಳಿದಿರಲಿಲ್ಲ. ವಾಸು ಮಾವ ಹೂಂ ಎಂದು ದೋಣಿ ಬರೆದಿದ್ದ ಜಾಗವನ್ನು ಮಗಳಿಗೆ ತೋರಿಸಿದರು. ಆಮೇಲೆ ಇದ್ದಿಲಿನ ಮಸಿ ಮೆತ್ತಿದ ಕೈಯಲ್ಲೇ ಸಹಿ ಹಾಕಿದರು. ಅಂದು ಹನ್ನೊಂದು ಸಹಿ ಬಿದ್ದವು. ರಾತ್ರಿ ದೊಡ್ಡಮ್ಮ ಹೊಟ್ಟೆತುಂಬ ಉಂಡಳು, ನನಗೂ ಕೈತುತ್ತು ಹಾಕಿದಳು.

ಮುಂದೆ ಎಂಟು ವರ್ಷ ಆ ತರಗತಿ ನಡೆಯಿತು. ದೊಡ್ಡಮ್ಮ ನಿವೃತ್ತಳಾದ ಮೇಲೆ ಮುಚ್ಚಿತು. ಹೋಟೆಲು ಹೋಯಿತು, ಮನೆ ಹೋಯಿತು, ಆ ಪಂಚೆ ಯಾವ ಟ್ರಂಕಿನಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ದೊಡ್ಡಮ್ಮನೂ ಹೋಗಿ ಬಹಳ ಕಾಲವಾಯಿತು. ಅವಳ ಕೈಬರಹ ನನ್ನ ಬಳಿ ಒಂದು ಚೂರೂ ಇಲ್ಲ.

ನಾನೂ ಇತಿಹಾಸದ ಟೀಚರಾದೆ. ಶನಿವಾರಗಳಂದು ನಮ್ಮ ಫ್ಲಾಟಿನಲ್ಲಿ ಒಂದಷ್ಟು ಕನ್ನಡದ ಮಕ್ಕಳು ಸೇರುತ್ತಾರೆ. ಮನೆಯ ಹಿರಿಯರನ್ನು ಏನಾದರೂ ಕೇಳಿ ಬರೆದುಕೊಂಡು ಬನ್ನಿ ಎಂದು ಕಳಿಸುತ್ತೇನೆ. ದಾವಣಗೆರೆಯ ಕಡೆಯವರ ಮಗಳು ಅನ್ವಿ ಮೊನ್ನೆ ಆರು ಹಾಳೆ ತಂದಳು. ಫೋನಿನಲ್ಲಿ ಅಜ್ಜಿ ಒಂದು ಗಂಟೆ ಹೇಳಿದ್ದೆಲ್ಲ ಕನ್ನಡವೇ, ಆದರೆ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ತುಂಬಾ ಚೆನ್ನಾಗಿದೆ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

"ಆಂಟಿ, ಇದನ್ನ ಕನ್ನಡ ಲೆಟರ್ಸಲ್ಲಿ ಬರಿಯೋಕೆ ಹೇಳ್ಕೊಡಿ. ಅಜ್ಜಿಗೆ ಇಂಗ್ಲಿಷ್ ಓದೋಕೆ ಬರಲ್ಲ."

ಇದನ್ನು ಓಡಿಹೋಗಿ ದೊಡ್ಡಮ್ಮನಿಗೆ ಹೇಳಬೇಕೆನಿಸಿತು. ಅನ್ವಿಯ ಪಕ್ಕ ನೆಲದ ಮೇಲೆ ಕೂತೆ. ಅಜ್ಜಿಯ ಹೆಸರೇನು ಎಂದು ಕೇಳಿದೆ. ಅಲ್ಲಿಂದಲೇ ಶುರುಮಾಡಿದೆವು.