ಗಿರಿಜೆಗೆ ಮೊಳೆ ಹೊಡೆಯಲೊಪ್ಪದ ಅನ್ನಪೂರ್ಣ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಹೂವಿನವರು ಈಗಷ್ಟೇ ಮೂಟೆ ಬಿಚ್ಚುತ್ತಿದ್ದಾರೆ. ಹಾಲಿನ ಟ್ರೇಗಳು ಫುಟ್‌ಪಾತಿನ ಮೇಲೆ ಧಡಧಡ ಇಳಿಯುತ್ತಿವೆ. ಒಂದು ಪ್ರೆಸ್ಸಿನ ಅರ್ಧ ಎತ್ತಿದ ಶಟರಿನ ಒಳಗಿನಿಂದ ಹೆಂಗಸಿನ ದನಿಯೊಂದು ಕೇಳುತ್ತದೆ: "ಅತ್ತೀ, ಬಾಯಿ ಒಣಗೇತ್ರಿ. ಒಂದು ಗುಟುಕು ಬಿಸಿನೀರು ಕೊಡ್ರಿ." ಸತ್ತುಹೋದ ಬಾಣಂತಿಯೊಬ್ಬಳು ಹಿತ್ತಲ ಬಾಗಿಲಲ್ಲಿ ನಿಂತು ಆಡುವ ಮಾತು ಇದು. ಆಡುತ್ತಿರುವವರು ಮಾತ್ರ ಗಟ್ಟಿಮುಟ್ಟಾಗಿದ್ದಾರೆ. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು, ಬಾಯಲ್ಲಿ ಅಂದದ್ದನ್ನೆಲ್ಲ ಬೆರಳಲ್ಲಿ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಬಾಯಲ್ಲಿ ಆಡಿ ನೋಡದೆ ಅನ್ನಪೂರ್ಣ ಅವರಿಗೆ ಒಂದು ಸಾಲೂ ಬರೆಯಲು ಬರುವುದಿಲ್ಲ.

ಈ ಅಭ್ಯಾಸದಿಂದ ಆದ ಫಜೀತಿಯೂ ಉಂಟು. ಸೈಕಲ್ ಮೇಲೆ ಟೀ ಮಾರುವ ಯಲ್ಲಯ್ಯ ಮೊದಲ ಸಲ ಈ ದನಿ ಕೇಳಿದ ದಿನವನ್ನು ಇವತ್ತಿಗೂ ಮರೆತಿಲ್ಲ. "ಒಳಗಡೆ ಮೇಡಂ ಇದಾರೆ ಅಂತ ನಂಗೇನ್ ಗೊತ್ತು ಸಾರ್? ಕತ್ತಲಲ್ಲಿ ಯಾವಳೋ 'ನನ್ ಕೂಸು ಎಲ್ಲಿ' ಅಂತಾಳೆ. ಫ್ಲಾಸ್ಕು, ಸೈಕಲ್ಲು ಎಲ್ಲಾ ಅಲ್ಲೇ ಬಿಟ್ಟು ಓಡ್ದೆ," ಎಂದು ನಗುತ್ತಾನೆ. ಈಗ ಅವನಿಗೆ ರೂಢಿಯಾಗಿದೆ. ಶಟರಿನ ಕೆಳಗಿಂದ ಲೋಟ ತಳ್ಳಿ, ದೆವ್ವಕ್ಕೆ ಸಕ್ಕರೆ ಕಮ್ಮಿ ಹಾಕಿದೀನಿ ಎಂದು ಕೂಗಿ ಹೋಗುತ್ತಾನೆ.

ಅನ್ನಪೂರ್ಣ ಟೈಪ್ ಮಾಡುತ್ತಿರುವ ಈ ಪುಟಗಳನ್ನು ಯಾವ ಪ್ರಕಾಶಕರೂ ಅಚ್ಚು ಹಾಕುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ಹೋದ ತಿಂಗಳು ತಾವೇ ತಮ್ಮ ಬಾಯಾರೆ ಬೇಡವೆಂದು ಹೇಳಿ, ಕೈಗೆ ಬಂದ ತುತ್ತು ಬಿಟ್ಟು ಬಂದಿದ್ದಾರೆ. ಹಾಗಿದ್ದರೂ ದಿನಾ ಬೆಳಗ್ಗೆ ಮದುವೆ ಕಾರ್ಡಿನವರು ಬರುವ ಮೊದಲು ಬಿಟಿಎಂ ಲೇಔಟಿನಿಂದ ಮೊದಲ ಬಸ್ಸು ಹಿಡಿದು ಬರುತ್ತಾರೆ. ಹಟ ಎಂದರೆ ಹೀಗಿರಬೇಕು ನೋಡಿ.

ಮೂರು ವರ್ಷದ ಹಿಂದೆ, ಪ್ರತಿ ಶುಕ್ರವಾರ ರಾತ್ರಿ, ದಕ್ಷಿಣ ಬೆಂಗಳೂರಿನ ಅರ್ಧ ಮನೆಗಳ ಹಿತ್ತಲ ಬಾಗಿಲಿಗೆ ಬೇಗ ಚಿಲಕ ಬೀಳುತ್ತಿತ್ತು. "ಹಿತ್ತಲ ಗಿರಿಜೆ" ಧಾರಾವಾಹಿಯ ಮಹಿಮೆ ಅದು. ಅತ್ತೆಮನೆಯವರ ಅಸಡ್ಡೆಯಿಂದ ಬಾಣಂತನದಲ್ಲಿ ಸತ್ತ ಗಿರಿಜೆ ದೆವ್ವವಾಗಿ ಬಂದು ಕೂಸನ್ನು ಕೇಳುವ ಕತೆ. ಅದೇ ಕತೆ ಕಾದಂಬರಿಯಾಗಿಯೂ ಬಂತು. ರಕ್ಷಾಪುಟದ ತುಂಬ ಬಿಳಿ ಸೀರೆಯ ನಟಿ, ಕೆಳಗೆ ಸಣ್ಣಕ್ಷರದಲ್ಲಿ "ಕಾದಂಬರಿ ರೂಪ: ಚಕ್ರಪಾಣಿ". ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಿಸಿ ಬೋಂಡಾದಂತೆ ಖರ್ಚಾದ ಪುಸ್ತಕ. ಚಕ್ರಪಾಣಿಗೆ ಅಭಿಮಾನಿಗಳ ಕಾಗದಗಳು ಬಂದವು, ಒಂದೆರಡು ಮದುವೆ ಪ್ರಸ್ತಾಪಗಳೂ ಬಂದವು. ಪಾಪ, ಚಕ್ರಪಾಣಿ ಎಂಬ ಮನುಷ್ಯನೇ ಇರಲಿಲ್ಲ. ಆ ಹೆಸರಿನ ಹಿಂದೆ ಇದ್ದವರು ಈ ಮಫ್ಲರಿನ ಹೆಂಗಸು.

ಅನ್ನಪೂರ್ಣ ಕುಷ್ಟಗಿ ಕಡೆಯವರು. ಪಿಯುಸಿ ಮುಗಿಯುತ್ತಲೇ ಮದುವೆ, ಮದುವೆಯ ಹಿಂದೆಯೇ ಬೆಂಗಳೂರು. ಗಂಡ ನಿಂಗರಾಜ ನರ್ಸಿಂಗ್ ಹೋಮೊಂದರಲ್ಲಿ ಎಲೆಕ್ಟ್ರಿಷಿಯನ್. ಬಿಟಿಎಂ ಎರಡನೇ ಹಂತದಲ್ಲಿ ಒಂದು ರೂಮು, ಒಂದು ಅಡಿಗೆಮನೆಯ ಬಾಡಿಗೆ ಸಂಸಾರ. ಅಕ್ಕಪಕ್ಕದವರು ಇವರ ಮಾತು ಕೇಳಿ ಮುಸಿಮುಸಿ ನಗುತ್ತಿದ್ದ ಕಾಲದಲ್ಲಿ ಡಿಟಿಪಿ ಕಲಿತು, ಚಿದಾನಂದ್ ಅವರ ಪ್ರೆಸ್ಸಿಗೆ ಸೇರಿದರು. ಕರಪತ್ರ, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ಟೈಪ್ ಮಾಡಿದರು.

ಕಾದಂಬರಿ ಇವರ ಕೈಗೆ ಬಂದದ್ದು ಇನ್ನೊಬ್ಬರು ಕೈಬಿಟ್ಟದ್ದರಿಂದ. ಒಪ್ಪಿಕೊಂಡಿದ್ದ ಹೆಸರಾಂತ ಲೇಖಕರೊಬ್ಬರು ಎರಡು ಅಧ್ಯಾಯ ಬರೆದು, ಟೀವಿ ದೆವ್ವದ ಎಂಜಲು ತಿನ್ನುವ ಕರ್ಮ ತನಗೇಕೆ ಎಂದು ಎದ್ದುಹೋದರು. ಪುಸ್ತಕ ಕೊಡುತ್ತೇನೆಂದು ಧಾರಾವಾಹಿ ಕಂಪನಿಗೆ ಮಾತು ಕೊಟ್ಟಿದ್ದ ಚಿದಾನಂದ್ ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಅನ್ನಪೂರ್ಣ, ಮುಂದಿನದನ್ನು ತಾನು ಬರೆದು ನೋಡಲೇ ಎಂದು ಕೇಳಿದರು. ಬೇರೆ ದಾರಿ ಇಲ್ಲದ ಚಿದಾನಂದ್ ಹೂಂ ಎಂದರು.

ಶೂಟಿಂಗಿನವರಿಂದ ಬರುತ್ತಿದ್ದುದು ಫ್ಯಾಕ್ಸಿನ ನಾಲ್ಕು ಸಾಲು. ಗಿರಿಜೆ ಬರುತ್ತಾಳೆ, ಹೊಗೆ, ಕಿರುಚಾಟ, ಬಾಗಿಲು ಬಡಿಯುತ್ತದೆ, ಅಷ್ಟೆ. ಉಳಿದದ್ದಕ್ಕೆ ಅನ್ನಪೂರ್ಣ ಅವರದೇ ಒಂದು ಉಪಾಯ ಇತ್ತು. ನಿಂಗರಾಜನಿಗೆ ದೆವ್ವವೆಂದರೆ ಪ್ರಾಣಭಯ. ಶುಕ್ರವಾರ ಟೀವಿ ಮುಂದೆ ಕೂತ ಗಂಡ ಎಲ್ಲಿ ಕಂಬಳಿಯನ್ನು ಮೂಗಿನ ತನಕ ಎಳೆದುಕೊಳ್ಳುತ್ತಾನೋ ಅಲ್ಲಿಗೆ ಒಂದು ಅಧ್ಯಾಯ ಮುಗಿಸುತ್ತಿದ್ದರು. "ಟೀವ್ಯಾಗ ಆಕಿ ಬರೇ ಹೆದರಸ್ತಾಳ್ರಿ. ಆದರ ಬಾಣಂತಿಗೆ ಹಸಿವು ಇರ್ತೈತಿ, ನೀರಡಿಕಿ ಇರ್ತೈತಿ, ಎದಿಹಾಲು ಕಟಿಗೊಂಡು ನೋವು ಇರ್ತೈತಿ. ಅದನ್ನ ನಾ ಬರದೆ," ಎನ್ನುತ್ತಾರೆ. ಓದಿದವರು ಹೆದರುವುದರ ಜೊತೆಗೆ ಅಳುವುದಕ್ಕೂ ಶುರುಮಾಡಿದ್ದು ಇದರಿಂದಲೇ.

ಎಲ್ಲ ಸರಿಯಾಗಿಯೇ ಇತ್ತು, ಕೊನೆಯ ಫ್ಯಾಕ್ಸ್ ಬರುವ ತನಕ. ಮಂತ್ರವಾದಿ ಬಂದು ಗಿರಿಜೆಯ ಕೂದಲನ್ನು ಹುಣಸೆಮರಕ್ಕೆ ಸುತ್ತಿ ಮೊಳೆ ಹೊಡೆಯುತ್ತಾನೆ, ಅವಳು ಚೀರುತ್ತ ಮರದೊಳಗೆ ಸೇರುತ್ತಾಳೆ, ಶುಭಂ. ಕೊನೆಯ ಕಂತು ಪ್ರಸಾರವಾದ ಮರುದಿನವೇ ಪುಸ್ತಕ ಅಂಗಡಿಯಲ್ಲಿರಬೇಕು, ಹಾಗಾಗಿ ಅಚ್ಚಿನ ಕೆಲಸ ಮೊದಲೇ ಮುಗಿಯಬೇಕು. ಅನ್ನಪೂರ್ಣ ಫ್ಯಾಕ್ಸನ್ನು ಓದಿ ಮಡಚಿಟ್ಟು, ಇದನ್ನು ಬರೆಯುವುದಿಲ್ಲ ಎಂದರು. ಯಾಕೆಂದು ಕೇಳಿದ್ದಕ್ಕೆ ಲಗ್ನಪತ್ರಿಕೆಯೊಂದನ್ನು ಎಳೆದುಕೊಂಡು ಟೈಪ್ ಮಾಡತೊಡಗಿದರು. ಈಗ ಹೇಳುತ್ತಾರೆ, ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು.

"ನಮ್ಮಕ್ಕ ಬಾಣಂತನದಾಗ ಸತ್ಲ್ರಿ. ಚೊಚ್ಚಲು. ಗಂಡನ ಮನ್ಯಾಗ ಸರಿ ನೋಡಿಕೊಳ್ಳಲಿಲ್ಲ. ಹೆಣ ಎತ್ತಿದ ಕೂಡ್ಲೆ ಹೊಸ್ತಿಲಿಗೆ ಮೊಳಿ ಬಡದ್ರು, ತಿರುಗಿ ಬರಬಾರದು ಅಂತ. ಇದ್ದಾಗ ನೀರು ಕೊಡಲಿಲ್ಲ, ಸತ್ತಮ್ಯಾಲೆ ಮೊಳಿ ಕೊಟ್ರು."

ತವರಿನಲ್ಲೂ ಅಕ್ಕನ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಬಾಣಂತಿ ಸತ್ತರೆ ಹೆಸರು ಕರೆಯಬಾರದು, ಕರೆದರೆ ಬರುತ್ತಾಳೆ ಎಂಬುದು ಊರಿನ ಭಯ. ಆದರೆ ಅವ್ವ ಮಾತ್ರ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಯ ದಿನ, ಯಾರಿಗೂ ಹೇಳದೆ, ಹಿತ್ತಲ ಬಾಗಿಲ ಆಚೆ ಒಂದು ರವಿಕೆಯ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು ಇಟ್ಟು ಒಳಗೆ ಬರುತ್ತಿದ್ದಳು. ತವರಿಗೆ ಬಂದ ಮಗಳಿಗೆ ಉಡಿ ತುಂಬದೆ ಕಳಿಸುವುದುಂಟೇ? ಸಣ್ಣ ಹುಡುಗಿಯಾಗಿದ್ದ ಅನ್ನಪೂರ್ಣ ಕದದ ಸಂದಿಯಿಂದ ಇದನ್ನು ನೋಡಿದ್ದರು. ಇಪ್ಪತ್ತು ವರ್ಷದ ಮೇಲೆ ಅದು ಗಿರಿಜೆಯ ಕತೆಯ ಕೊನೆಯ ಅಧ್ಯಾಯವಾಗಿ ಬಂತು. ಅನ್ನಪೂರ್ಣ ಬರೆದ ಕೊನೆಯಲ್ಲಿ ಮಂತ್ರವಾದಿ ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ಕೇರಿಯ ಹೆಂಗಸರು ಅಲ್ಲಿ ನಿಂತಿರುತ್ತಾರೆ. ಒಬ್ಬೊಬ್ಬರೂ ಗಿರಿಜೆಯನ್ನು ಹೆಸರು ಹಿಡಿದು ಕರೆದು ಉಡಿ ತುಂಬುತ್ತಾರೆ. ಅವಳು ಕೂಸಿನ ಹಣೆ ಮುಟ್ಟಿ, ತುಂಬಿದ ಉಡಿ ಹಿಡಿದುಕೊಂಡು ತಾನಾಗಿ ಹೋಗುತ್ತಾಳೆ.

ಚಿದಾನಂದ್ ಮೊದಲು ಗದರಿದರು, ಆಮೇಲೆ ಗೋಗರೆದರು. ಧಾರಾವಾಹಿಯ ಪುಸ್ತಕ ಬರೆಯುವವರ ಇಷ್ಟವನ್ನು ಕೇಳುವುದೆಂದರೆ ಕೋಳಿಯನ್ನು ಕೇಳಿ ಮಸಾಲೆ ಅರೆದಂತೆ ಎಂಬುದು ಅವರ ಲೆಕ್ಕ. ಆದರೆ ಹೊಸಬರನ್ನು ಹುಡುಕಲು ಹೊತ್ತಿರಲಿಲ್ಲ. ಹೋದರೆ ಚಕ್ರಪಾಣಿಯ ಮಾನ ತಾನೇ ಎಂದುಕೊಂಡು ಅಚ್ಚಿಗೆ ಕೊಟ್ಟರು.

ಶುಕ್ರವಾರ ಟೀವಿಯಲ್ಲಿ ಮೊಳೆ ಬಿತ್ತು. ಶನಿವಾರ ಪುಸ್ತಕದಲ್ಲಿ ಉಡಿ ತುಂಬಿತು. ಮುಂದಿನದನ್ನು ಯಡಿಯೂರಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುವ ನೀಲಗಂಗಮ್ಮನವರ ಬಾಯಲ್ಲೇ ಕೇಳಬೇಕು. ಪುಸ್ತಕ ಓದಿದ ಅವರ ಗಿರಾಕಿಗಳು, ಎಲ್ಲರೂ ಗೃಹಿಣಿಯರು, ಶೂಟಿಂಗ್ ನಡೆದ ಜೆಪಿ ನಗರದ ಹಳೇ ಮನೆಯನ್ನು ಹುಡುಕಿಕೊಂಡು ಆಟೋ ಹತ್ತಿದರಂತೆ. ಹಿತ್ತಲಲ್ಲಿ ಹುಣಸೆಮರವೂ ಇತ್ತು, ಮೊಳೆಗಳೂ ಇದ್ದವು. ಸದ್ದು ಸರಿಯಾಗಿ ಬರಲಿ ಎಂದು ನಿರ್ದೇಶಕರು ನಿಜವಾದ ಮೊಳೆಗಳನ್ನೇ ಹೊಡೆಸಿದ್ದರು.

"ಇಕ್ಕಳ ತಗೊಂಡು ಹೋಗಿದ್ವಿ ಕಣ್ರೀ," ಎನ್ನುತ್ತಾರೆ ನೀಲಗಂಗಮ್ಮ, ಇವತ್ತಿಗೂ ತೋಳೇರಿಸಿ. "ಎರಡು ಬಂತು. ಮೂರನೇದು ಬರಲೇ ಇಲ್ಲ, ಈಗಲೂ ಅಲ್ಲೇ ಇದೆ. ಮಡಿಲಕ್ಕಿ ಇಟ್ಟು ಬಂದ್ವಿ. ಸೀರಿಯಲ್ ಅಂತ ನಮಗೂ ಗೊತ್ತಿತ್ತು, ನಾವೇನು ಹುಚ್ಚರಲ್ಲ. ಆದ್ರೂ ಹೊಟ್ಟೆ ಉರೀತಿತ್ತು."

ಕಂಪನಿಯವರ ಹೊಟ್ಟೆಯೂ ಉರಿಯಿತು. ಮುಂದಿನ ಧಾರಾವಾಹಿಯ ಪುಸ್ತಕ ಬೇರೆ ಪ್ರೆಸ್ಸಿನ ಪಾಲಾಯಿತು, ಅನ್ನಪೂರ್ಣ ಲಗ್ನಪತ್ರಿಕೆಗೆ ವಾಪಸಾದರು. ದೆವ್ವದ ಕತೆ ಬರೆದವರು ಇವರೇ ಎಂದು ಓಣಿಯಲ್ಲಿ ಯಲ್ಲಯ್ಯನ ಹೊರತು ಯಾರಿಗೂ ಗೊತ್ತಾಗಲಿಲ್ಲ.

ಈಗ ಧಾರಾವಾಹಿಯ ಮರುಪ್ರಸಾರ ಬರುತ್ತಿದೆ. ಪುಸ್ತಕವನ್ನೂ ಮತ್ತೆ ತರಬಹುದು, ಆದರೆ ಕೊನೆ ಟೀವಿಯಲ್ಲಿ ಇರುವಂತೆಯೇ ಇರಬೇಕು ಎಂದು ಕಂಪನಿ ಷರತ್ತು ಹಾಕಿತು. ಚಿದಾನಂದ್ ಕೆಟ್ಟವರಲ್ಲ. ಈ ಸಲ ಚಕ್ರಪಾಣಿ ಬೇಡ, ನಿಜವಾಗಿ ಬರೆದವರ ಹೆಸರೇ ಇರಲಿ ಎಂದು ಕಂಪನಿಯವರೊಂದಿಗೆ ವಾದ ಮಾಡಿ ಒಪ್ಪಿಸಿ ಬಂದರು. ರಕ್ಷಾಪುಟದ ಪ್ರೂಫ್ ತೆಗೆದು ಅನ್ನಪೂರ್ಣ ಅವರ ಮುಂದಿಟ್ಟರು. ನಟಿಯ ಚಿತ್ರದಷ್ಟೇ ಎದ್ದು ಕಾಣುವಂತೆ ಕೆಂಪಕ್ಷರದಲ್ಲಿ "ಅನ್ನಪೂರ್ಣ".

ಅನ್ನಪೂರ್ಣ ಅದನ್ನು ಊಟದ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದರು. ನಿಂಗರಾಜ ದೇವರ ಫೋಟೋದ ಮುಂದೆ ನಿಲ್ಲಿಸಿ ಕೈಮುಗಿದ. ಆಸೆ ಆಗಲಿಲ್ಲವೇ ಎಂದರೆ ಅನ್ನಪೂರ್ಣ ಸುಳ್ಳು ಹೇಳುವುದಿಲ್ಲ. ಬಹಳ ಆಸೆಯಾಯಿತು, ಅಳುವೂ ಬಂತು, ಕುಷ್ಟಗಿಗೆ ಒಂದು ಪ್ರತಿ ಕಳಿಸಿದರೆ ಅವ್ವ ಬೆರಳಿಟ್ಟು ಮಗಳ ಹೆಸರು ಓದುತ್ತಾಳೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅವ್ವ ಪುಟ ತಿರುವುತ್ತ ಕೊನೆಗೆ ಬಂದರೆ ಎಂಬ ಯೋಚನೆ ಆಮೇಲೆ ಹೊಳೆಯಿತು. ಮಾರನೇ ದಿನ ಪ್ರೂಫನ್ನು ಚಿದಾನಂದ್ ಅವರ ಮೇಜಿನ ಮೇಲಿಟ್ಟು, ಆಗದು ಎಂದರು.

"ಅಲ್ಲಮ್ಮ, ಎಲ್ಲಾ ಸುಳ್ಳು ಕತೆ. ಇಲ್ಲದಿರೋ ದೆವ್ವಕ್ಕೆ ಒಂದು ಮೊಳೆ ಹೊಡೆದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದು ಚಿದಾನಂದ್ ಕೇಳಿದರಂತೆ.

"ಸುಳ್ಳು ಕತಿಗೆ ಖರೇ ಮೊಳಿ ಯಾಕ್ರಿ ಸಾರ್?" ಎಂದರಂತೆ ಇವರು.

ಚಿದಾನಂದ್ ಕಾಫಿಗೆಂದು ಎದ್ದುಹೋದರು. ಬಂದವರು ಕಂಪನಿಗೆ ಫೋನ್ ಮಾಡಿ, ಪುಸ್ತಕ ಇಲ್ಲ ಎಂದು ತಿಳಿಸಿದರು. ಆಮೇಲೆ ಎರಡು ದಿನ ಅನ್ನಪೂರ್ಣ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹಾಗಾದರೆ ಈ ಬೆಳಗಿನ ಟೈಪಿಂಗ್ ಯಾಕೆ? ಹಳೇ ಫ್ಲಾಪಿಗಳು ಬೂಷ್ಟು ಹಿಡಿದು ಹಾಳಾಗಿವೆ. ಅಂಗಡಿಗಳಲ್ಲಿ ಪುಸ್ತಕ ಉಳಿದಿಲ್ಲ. ಅನ್ನಪೂರ್ಣ ಕೈಗೆ ಸಿಕ್ಕಿರುವುದು ನೀಲಗಂಗಮ್ಮನವರ ಲೈಬ್ರರಿಯ ಒಂದೇ ಪ್ರತಿ. ಬೈಂಡಿಂಗ್ ಬಿಟ್ಟಿದೆ, ಕೊನೆಯ ಅಧ್ಯಾಯದ ಅಂಚುಗಳಲ್ಲಿ ಯಾರ್ಯಾರದೋ ಅಡಿಗೆಮನೆಯ ಅರಿಶಿನದ ಬೆರಳಚ್ಚುಗಳಿವೆ. "ಮುಂದಿನ ತಿಂಗಳು ಟೀವ್ಯಾಗ ಮತ್ತ ಮೊಳಿ ಬಡಿತಾರ. ಈ ಪ್ರತಿ ಹರದು ಹೋತಂದ್ರ ಗಿರಿಜಾನ ಕಡೆ ಮಾತಾಡಾಕ ಯಾರೂ ಇರಂಗಿಲ್ರಿ. ಆಕಿನ್ನ ಹಂಗ ಬಿಡಲೇನು?" ಎನ್ನುತ್ತಾರೆ.

ಟೈಪ್ ಮಾಡಿದ್ದನ್ನು ಪ್ರೆಸ್ಸಿನ ಪ್ರಿಂಟರಿನಲ್ಲೇ ಒಂದಷ್ಟು ಪ್ರತಿ ತೆಗೆದು, ದಾರ ಹಾಕಿ ಹೊಲಿದು ನೀಲಗಂಗಮ್ಮನವರಿಗೆ ಕೊಡುತ್ತಾರೆ. ಮಾರಾಟಕ್ಕಲ್ಲ, ಓದುವವರ ಕೈಯಿಂದ ಕೈಗೆ ಹೋಗುವುದಕ್ಕೆ. ಚಿದಾನಂದ್‌ಗೆ ಇದು ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವರೇ ನಮಗೆ ಹೇಳಿದರು, ಪ್ರಿಂಟರಿಗೆ ಹೊಸ ಟೋನರ್ ಹಾಕುತ್ತ.

ಹೊರಗೆ ಬೆಳಕಾಗಿದೆ. ಯಲ್ಲಯ್ಯ ಖಾಲಿ ಲೋಟಕ್ಕೆ ಬಂದು ನಿಂತಿದ್ದಾನೆ. ಕೊನೆಯ ಸಾಲು ಮುಗಿಸಿದ ಅನ್ನಪೂರ್ಣ ಮೊದಲ ಪುಟಕ್ಕೆ ಹೋಗುತ್ತಾರೆ. ಅಲ್ಲಿ "ಹಿತ್ತಲ ಗಿರಿಜೆ" ಎಂದಷ್ಟೇ ಇದೆ, ಕೆಳಗೆ ಜಾಗ ಖಾಲಿ. ಈಗ ತಡೆಯಲು ಕಂಪನಿಯೂ ಇಲ್ಲ, ಚಕ್ರಪಾಣಿಯೂ ಇಲ್ಲ. ಯಾರ ಹೆಸರು ಹಾಕುತ್ತೀರಿ ಎಂದು ಕೇಳುತ್ತೇವೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲಿ ಯಾರೂ ಎತ್ತದ ಒಂದು ಹೆಸರನ್ನು ಅಭ್ಯಾಸದಂತೆ ಮೊದಲು ಬಾಯಲ್ಲಿ ಗಟ್ಟಿಯಾಗಿ ಅನ್ನುತ್ತಾರೆ, ಆಮೇಲೆ ಬೆರಳಿನಲ್ಲಿ ಇಳಿಸುತ್ತಾರೆ: "ಬರೆದವಳು: ರೇಣುಕವ್ವನ ತಂಗಿ ಅನ್ನಪೂರ್ಣ."

"ನಿಮ್ಮ ಪೇಪರ್‌ನ್ಯಾಗೂ ಹಿಂಗ ಹಾಕ್ರಿ," ಎನ್ನುತ್ತಾರೆ. "ಹೆಸರು ಕರದ್ರ ಬರ್ತಾಳ ಅಂತ ಹೆದರಸ್ತಿದ್ರು. ಬರಲಿ ಬಿಡ್ರಿ. ನಮ್ಮನಿ ಮಗಳು, ಉಡಿ ತುಂಬಿ ಕಳಸ್ತೀನಿ."