ಬೇಡ ಎನ್ನದೆ ಹೋದ ದಾರಿ

ವಿಮಾನ ನಿಲ್ದಾಣದ ಭದ್ರತಾ ಸಮಿತಿಗೆ ಅಕ್ಕನನ್ನು ತೆಗೆದುಕೊಂಡಿದ್ದಾರೆ ಎಂದು ಕೇಳಿದ ದಿನ ನಾನು ಹೊಲಿಗೆ ಮಶೀನಿನ ಮೇಲೆ ತಲೆಯಿಟ್ಟು ನಕ್ಕಿದ್ದೆ. ನನ್ನ ಒಡಹುಟ್ಟಿದ ಅಕ್ಕ ಮೀನು ಮಾರುವವಳು. ವಿಮಾನವನ್ನು ಅವಳು ಕಂಡಿದ್ದು ಆಕಾಶದಲ್ಲಿ ಮಾತ್ರ, ಅದೂ ತಲೆಯ ಮೇಲೆ ಬುಟ್ಟಿ ಇಲ್ಲದಿದ್ದಾಗ. ಅಂಕೋಲೆಯ ನನ್ನ ಅಂಗಡಿಯ ಬಾಗಿಲಲ್ಲಿ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತು, ನನ್ನ ನಗು ಮುಗಿಯುವವರೆಗೂ ದುರುಗುಟ್ಟಿ ನೋಡಿದಳು.

"ನಗೂದೆಂತಕ್ಕೆ? ಕಾನೂನೇ ಬಂದದೆ. ಕಾವಲು ಹ್ಯಾಂಗಿರಬೇಕು ಅಂತ ಧಂದೆಯವ್ರ ಹತ್ರ, ಊರವ್ರ ಹತ್ರ ಕೇಳಲೇಬೇಕಂತೆ. ಇಷ್ಟು ದಿನ ಸಾಹೇಬ್ರೇ ಕೂತು ಮಾಡ್ಕಂತಿದ್ರು."

"ಮತ್ತೆ ನೀ ಎಂತ ಹೇಳ್ತಿಯೇ ಅವ್ರಿಗೆ? ಬಾಂಗಡೆ ರೇಟಾ?"

"ನಮ್ಮ ದಾರಿ ಉಳಿಸಿ ಅಂತೆ ಹೇಳ್ತೆ," ಎಂದಳು ಅಕ್ಕ. ನನ್ನ ತಮಾಷೆ ಅಲ್ಲಿಗೇ ನಿಂತಿತು.

ಆ ದಾರಿಯ ವಿಷಯ ಹೇಳಬೇಕು. ನಮ್ಮ ಕೇರಿ ಹಾರವಾಡದ ಆಚೆ, ಸಮುದ್ರಕ್ಕೆ ತಾಗಿಕೊಂಡಿದೆ. ಕೇರಿಗೂ ಹೆದ್ದಾರಿಗೂ ನಡುವೆ ಗೇರುಮರಗಳ ಬಯಲು. ಅದರ ನಡುವಿನ ಕಾಲುದಾರಿಯಲ್ಲಿ ನಮ್ಮ ಹೆಂಗಸರು ಬೆಳಗಾದರೆ ಬುಟ್ಟಿ ಹೊತ್ತು ಬಸ್ಸು, ಟೆಂಪೋ ನಿಲ್ಲುವ ಜಾಗಕ್ಕೆ ಬರುತ್ತಿದ್ದರು. ಆ ದಾರಿ ಇಲ್ಲವೆಂದರೆ ಹೊಯಿಗೆಯಲ್ಲಿ ಕಾಲು ಹೂತುಕೊಳ್ಳುತ್ತ ಹಳ್ಳದ ಸೇತುವೆಯವರೆಗೆ ಹೋಗಿ, ಅಲ್ಲಿಂದ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿ ತಿನ್ನುತ್ತ ವಾಪಸು ಬರಬೇಕು. ಅಷ್ಟರಲ್ಲಿ ಬಿಸಿಲೇರಿ ಮೀನಿನ ಕಣ್ಣು ಬೆಳ್ಳಗಾಗಿರುತ್ತದೆ, ಕಾರವಾರದ ಪೇಟೆಯಲ್ಲಿ ಅದನ್ನು ಮೂಸಿ ನೋಡುವವರೂ ಇಲ್ಲ. ಭಾವ ಹೋದ ಮೇಲೆ ಅಕ್ಕ ಆ ದಾರಿಯಿಂದಲೇ ಬದುಕಿದವಳು. ಮೊಣಕಾಲು ಊದಿಕೊಂಡ ಮೇಲಂತೂ ಸುತ್ತುದಾರಿ ಅವಳ ಕೈಲಿ ಆಗುವ ಮಾತಲ್ಲ. ದಾರಿ ಹೋದರೆ ಅವಳ ವ್ಯಾಪಾರ ಹೋಯಿತು ಅಂತಲೇ ಲೆಕ್ಕ.

ಇನ್ನೂ ಬಾರದ ವಿಮಾನಗಳಿಗಾಗಿ ಆ ಬಯಲಿನಲ್ಲಿ ಗುರುತಿನ ಕಲ್ಲು ನೆಟ್ಟಿದ್ದರು. ಸುತ್ತ ಗೋಡೆ ಬರುತ್ತದೆ ಎಂದು ಗಾಳಿಮಾತು. ಹಾಗಿರುವಾಗ ಸಮಿತಿಗೆ ಮೀನುಗಾರರ ಕಡೆಯಿಂದ ಒಬ್ಬರು ಬೇಕು, ಹೆಂಗಸಾದರೆ ಒಳ್ಳೆಯದು ಎಂದು ಕರೆ ಬಂದಿತ್ತು. ಕೇರಿಯವರು ಹಿಂದೆ ಮುಂದೆ ನೋಡದೆ ಅಕ್ಕನ ಹೆಸರು ಹೇಳಿದರು. ಅವಳ ಬಾಯಿ ಅಂಥದ್ದು. ಚೌಕಾಸಿ ಮಾಡಲು ಬಂದ ಪೊಲೀಸಿನವನನ್ನೂ ಪೇಟೆಯ ನಡುವೆ ನೀರಿಳಿಸಿ ಕಳಿಸಿದವಳು.

ಸಭೆಯ ದಿನ ನಾನೂ ಅಂಗಡಿಗೆ ಬೀಗ ಹಾಕಿ ಕಾರವಾರಕ್ಕೆ ಹೋದೆ. ಅಕ್ಕ ನಾನು ಹೊಲಿದುಕೊಟ್ಟ ರವಿಕೆ ಹಾಕಿಕೊಂಡು, ಮದುವೆಮನೆಗೆ ಉಡುವ ಸೀರೆ ಉಟ್ಟು, ಮೀನಿನ ವಾಸನೆ ಹೋಗಲಿ ಎಂದು ಮೈಯೆಲ್ಲ ಸಾಬೂನು ತಿಕ್ಕಿಕೊಂಡು ಬಂದಿದ್ದಳು. "ಹೆದ್ರಿಕೆ ಆಗ್ತದ್ಯೇ?" ಎಂದು ಕೇಳಿದರೆ, "ಅವ್ರಿಗೆ ಆಗ್ಲಿ," ಎಂದಳು. ಸಮಿತಿಯವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಅವಳ ಚಪ್ಪಲಿ ಕಾಯುತ್ತ ಕೂತೆ. ಬಿಡಬೇಡ ಎಂದರೂ ಕೇಳದೆ ಬಾಗಿಲಲ್ಲಿ ಬಿಟ್ಟು ಹೋಗಿದ್ದಳು.

ಹೊರಗೆ ಬಂದವಳ ಮುಖ ಅರಳಿತ್ತು. ಶೆಟಗೇರಿಯ ಕಡೆಯ ಬೇಸಾಯಗಾರರೊಬ್ಬರು ರೈತರ ಪರವಾಗಿ ಬಂದಿದ್ದರು, ಅವರೂ ಪಕ್ಕದಲ್ಲಿ ನಗುತ್ತ ನಿಂತಿದ್ದರು.

"ಒಳ್ಳೆ ಮನ್ಷ ಮಾರಾಯ್ತಿ, ಸಭೆ ನಡ್ಸೂ ಆ ಸಾಹೇಬ್ರು," ಎಂದಳು ಅಕ್ಕ. "ನಾ ಒಳಗೆ ಹೋದ ಕೂಡ್ಲೆ ಎದ್ದು ನಿಂತು ಕೈ ಮುಗ್ದ್ರು. ಚಾ ಕೊಟ್ರು. ನಾ ಮಾತು ತೆಗೆಯೂಕೆ ಮುಂಚೆ ಅವ್ರೇ ದಾರಿ ಮುಚ್ಚೂ ವಿಷಯ ಮುಂದಿಟ್ರು. ಭದ್ರತೆಗೆ ಮುಚ್ಚಬೇಕಾಗ್ತದೆ, ಎಂತ ಹೇಳ್ತ್ರಿ ಅಂದ್ರು. ಒಂದಲ್ಲ, ಮೂರು ಸಲ ಕೇಳ್ದ್ರು."

"ನೀನೆಂತ ಹೇಳ್ದೆ?"

"ಎಂತ ಹೇಳೂದು? ತುಟಿ ಬಿಚ್ಚಲಿಲ್ಲ. ಇವ್ರೂ ಬಿಚ್ಚಲಿಲ್ಲ. ಟ್ಯಾಕ್ಸಿಯವ, ಹೋಟ್ಲಿನವ, ಯಾರೂ ಹೌದು ಅನ್ಲಿಲ್ಲ. ಅಲ್ಲಿಗೆ ಬಿದ್ದುಹೋತು ಅದು!"

ನನಗೂ ಜೀವ ಬಂದಂತಾಯಿತು. ಇದನ್ನು ಓದುವ ಬೇರೆ ಊರಿನವರಿಗೆ ನಾವು ಹುಚ್ಚರಂತೆ ಕಾಣಬಹುದು. ಕಾಣಲಿ. ನಮ್ಮ ಕೇರಿಯ ರೀತಿಯೇ ಹಾಗೆ. ಗುಡಿಯ ಅಂಗಳದಲ್ಲಿ ಕೇರಿ ಕೂಡಿದಾಗ ಹಿರಿಯರು ವಿಷಯ ಮುಂದಿಟ್ಟು ಮೂರು ಸಲ ಕೇಳುತ್ತಾರೆ. ಒಪ್ಪಿದವರು ಬಾಯಿಬಿಟ್ಟು "ಹೌದು" ಎನ್ನಬೇಕು. ಒಪ್ಪದವರು ಸುಮ್ಮನೆ ಕೂರುತ್ತಾರೆ. ಮೂರು ಸಲಕ್ಕೂ ಹೌದು ಬರಲಿಲ್ಲವೆಂದರೆ ಆ ಮಾತು ಸತ್ತಂತೆ, ಆಮೇಲೆ ಅದನ್ನು ಯಾರೂ ಎತ್ತುವುದಿಲ್ಲ. ಎದ್ದು ನಿಂತು "ಬೇಡ" ಎನ್ನುವುದು ಕೇಳಿದವರ ಮುಖಕ್ಕೆ ಹೊಡೆದಂತೆ. ಬೆಳಗಾದರೆ ಅದೇ ಮನುಷ್ಯನ ಪಕ್ಕ ನಿಂತು ರಂಪಣಿ ಬಲೆಯ ಹಗ್ಗಕ್ಕೆ ಕೈಹಾಕಬೇಕು. ಇಡೀ ಕೇರಿ ದಂಡೆಯಲ್ಲಿ ನಿಂತು ಎಳೆದರೇ ಆ ಬಲೆ ಮೇಲೆ ಬರುವುದು. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಎಳೆಯಲು ಆಗುವುದಿಲ್ಲ.

ಪೇಟೆಯಲ್ಲಿ ಗಿರಾಕಿಯ ಮೇಲೆ ಕೂಗಾಡುವ ಅಕ್ಕನೂ ಸಭೆಯೆಂದರೆ ಅದೊಂದೇ ರೀತಿ ಕಂಡವಳು. ಸಾಹೇಬರು ಮೂರು ಸಲ ಕೇಳಿದ್ದೇ ಅವಳಿಗೆ ದೊಡ್ಡ ಮರ್ಯಾದೆಯಾಗಿ ಕಂಡಿತ್ತು. ಆ ದಿನ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳೇ. ಕೇರಿಯ ಹಿರಿಯರು ಅವಳ ಮನೆಗೇ ಬಂದು, "ನಮ್ಮ ಮಾನ ಉಳಿಸ್ದೆ ಹುಡ್ಗೀ," ಎಂದು ಹೇಳಿ ಹೋದರು. ಅಕ್ಕ ಇಸ್ವಾಣ ಮೀನಿನ ಸಾರು ಮಾಡಿ ನನಗೆ ಎರಡು ಹೋಳು ಹೆಚ್ಚು ಬಡಿಸಿದಳು.

ಮಳೆಗಾಲ ಮುಗಿದದ್ದೇ ತಡ, ಬಯಲಿಗೆ ಜೆಸಿಬಿ ಬಂತು.

ಅಕ್ಕ ಬುಟ್ಟಿ ಹೊತ್ತು ಹೋಗುವಾಗ ದಾರಿಗೆ ಅಡ್ಡವಾಗಿ ಅಗೆದು ಹಾಕಿದ್ದರಂತೆ. ಕೆಲಸದವರಿಗೆ ಬೈದಳಂತೆ, ಅವರು ಹಿಂದಿಯವರು, ಅವಳ ಬೈಗುಳ ಅವರಿಗೆ ತಾಗಲಿಲ್ಲ. ಅಗೆದ ಮಣ್ಣಿನ ಮೇಲೆ ಬುಟ್ಟಿ ಇಳಿಸಿ ನನಗೆ ಫೋನ್ ಮಾಡಿದಳು. "ಬಾ, ಕಾರವಾರಕ್ಕೆ ಹೋಗ್ವ. ಸಾಹೇಬ್ರಿಗೆ ಗೊತ್ತಿಲ್ದೆ ಯಾರೋ ಮಾಡ್ತಿದ್ರು," ಎಂದಳು. ನಾನು ಅಂಗಡಿಗೆ ಬೀಗ ಹಾಕಿ ಹೊರಟೆ.

ಈ ಸಲ ನನ್ನನ್ನೂ ಒಳಗೆ ಬಿಟ್ಟರು. ಸಾಹೇಬರು ನಿಜಕ್ಕೂ ಒಳ್ಳೆಯವರೇ. ಅವರನ್ನು ಕೆಟ್ಟವರು ಎನ್ನಲು ಆಗಿದ್ದರೆ ನನ್ನ ಹೊಟ್ಟೆಯುರಿ ಸ್ವಲ್ಪ ತಣ್ಣಗಾಗುತ್ತಿತ್ತು. ಅಕ್ಕನನ್ನು ಕೂರಿಸಿ, ನೀರು ತರಿಸಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಅಮ್ಮಾ, ದಾರಿ ಮುಚ್ಚುವ ವಿಷಯ ಸಭೆಯಲ್ಲೇ ತೀರ್ಮಾನ ಆಗಿದೆಯಲ್ಲ. ನಾನು ಮತ್ತೆ ಮತ್ತೆ ಕೇಳಿದೆ. ಯಾರೂ ಬೇಡ ಅನ್ನಲಿಲ್ಲ."

ಅಕ್ಕ ಅವರನ್ನೇ ನೋಡಿದಳು. "ಯಾರಾದ್ರೂ ಹೌದು ಅಂದ್ರಾ?"

ಸಾಹೇಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ನಮ್ಮ ಗುಡಿ, ಅಂಗಳ, ಮೂರು ಸಲ ಕೇಳುವುದು, ಎಲ್ಲವನ್ನೂ ತೊದಲುತ್ತ ಹೇಳಿದೆ. ಹೇಳುತ್ತಿದ್ದಂತೆಯೇ ಆ ತಣ್ಣನೆಯ ಕೋಣೆಯಲ್ಲಿ ನಮ್ಮ ಮಾತು ಮಕ್ಕಳಾಟದ ಹಾಗೆ ಕೇಳಿಸತೊಡಗಿತು. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಸಾಹೇಬರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಛೆ," ಎಂದರು. "ಒಂದು ಮಾತು ಬೇಡ ಅಂದಿದ್ದರೆ ಸಾಕಿತ್ತಲ್ಲಮ್ಮ. ಅದಕ್ಕೇ ತಾನೇ ನಿಮ್ಮನ್ನು ಕರೆದದ್ದು? ಈಗ ಎಲ್ಲರೂ ಒಪ್ಪಿದ್ದಾರೆ ಎಂದು ಮೇಲಿನವರಿಗೆ ವರದಿ ಹೋಗಿಬಿಟ್ಟಿದೆ. ಮುಂದಿನ ಸಭೆಯಲ್ಲಿ ಬೇಕಾದರೆ ಹೇಳಿ."

"ಬೇಡ," ಎಂದಳು ಅಕ್ಕ. ಕುರ್ಚಿಯಿಂದ ಎದ್ದು ನಿಂತು, ಪೇಟೆಯಲ್ಲಿ ಕೂಗುವ ದನಿಯಲ್ಲಿ, "ಬೇಡ, ಬೇಡ, ಬೇಡ!" ಎಂದಳು. ಹೊರಗಿನ ಜವಾನ ಬಾಗಿಲು ತೆರೆದು ಇಣುಕಿದ. ಸಾಹೇಬರು ತಲೆ ತಗ್ಗಿಸಿ ಕೂತರು. ನಾನು ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಮುಂದಿನ ಸಭೆ ಗೊತ್ತಾಗುವುದರೊಳಗೆ ಗೋಡೆ ಎದ್ದುಬಿಟ್ಟಿತು. ಗೋಡೆ ಏಳುತ್ತಿದ್ದಂತೆ ಕೇರಿಯ ಬಾಯಿಯೂ ತಿರುಗಿತು. "ಸೀರೆ ಉಟ್ಕಂಡು ಹೋಗಿ ದಾರಿ ಕೊಟ್ಟು ಬಂದ್ಲು," ಎಂದರು. "ಚಾ ಕುಡ್ದು ಬಾಯಿ ಮುಚ್ಕಂಡ್ಲು," ಎಂದರು. ಮಾನ ಉಳಿಸಿದೆ ಎಂದಿದ್ದವರದೇ ಬಾಯಿ! ತಾವು ಹೋಗಿದ್ದರೆ ಮಹಾ ಏನು ಕಡಿದು ಹಾಕುತ್ತಿದ್ದರು? ಅವರೂ ಅದೇ ಅಂಗಳದಲ್ಲಿ ಕೂತು ಬೆಳೆದವರು, ಅವರೂ ಸುಮ್ಮನೇ ಕೂರುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಅಷ್ಟು ಕೂಗಿದರು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಕ್ಕ ಮಾತ್ರ ಒಂದಕ್ಕೂ ಎದುರಾಡಲಿಲ್ಲ. ಬೆಳಗ್ಗೆ ಬುಟ್ಟಿ ಹೊತ್ತು ಹೊಯಿಗೆಯ ಮೇಲೆ ಕುಂಟುತ್ತ ಹೋಗುತ್ತಿದ್ದಳು. ಮಧ್ಯಾಹ್ನ ಅರ್ಧ ಮೀನು ವಾಪಸು ಹೊತ್ತು ತಂದು ಉಪ್ಪಿಗೆ ಹಾಕುತ್ತಿದ್ದಳು.

ಕೊನೆಗೆ ಗುಡಿಯ ಅಂಗಳದಲ್ಲಿ ಕೇರಿ ಕೂಡಿತು. ಸಮಿತಿಗೆ ಯಾರು ಹೋಗಬೇಕು ಎಂಬುದು ವಿಷಯ. ಅಕ್ಕ ಹೆಂಗಸರ ಸಾಲಿನ ಮುಂದೆ ಕೂತಿದ್ದಳು. ನಾನು ಹಿಂದೆ, ಗುಡಿಯ ಗೋಡೆಗೆ ಒರಗಿ ನಿಂತಿದ್ದೆ. ಹಿರಿಯರು ಕೇಳಿದರು, "ಇವ್ಳೇ ಇನ್ನೂ ನಮ್ಮ ಪರ ಹೋಗ್ಲಿ. ಹೌದಾ?"

ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಕೇಳಿದಾಗ ಅಕ್ಕನ ಪಕ್ಕದ ಮನೆಯವಳು ಸೆರಗಿನ ತುದಿ ಸುತ್ತುತ್ತ ಕೂತಳು. ಮೂರನೆಯ ಸಲಕ್ಕೆ ನನಗೆ ತಡೆಯಲಾಗಲಿಲ್ಲ. "ಹೌದು!" ಎಂದು ಕೂಗಿದೆ. ಹಿರಿಯರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನೀ ಅಂಕೋಲೆಗೆ ಕೊಟ್ಟ ಹೆಣ್ಣು ತಂಗೀ. ಇಲ್ಲಿ ನಿನ್ನ ಹೌದು ನಡೆಯೂದಿಲ್ಲ," ಎಂದರು.

ಆಮೇಲೆ ಐಸ್ ಕಾರ್ಖಾನೆಯ ಸಾವ್ಕಾರರ ಹೆಸರು ಬಂತು. ಅವರೂ ನಮ್ಮವರೇ, ಈಗ ಹೆದ್ದಾರಿಯ ಬದಿಯಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿದು ಹೊರದೇಶಕ್ಕೆ ಕಳಿಸುವ ಶೆಡ್ಡನ್ನೂ ಹಾಕಿದ್ದಾರೆ. ಕಚೇರಿಯ ಮಾತು ಬಲ್ಲವರು, ಮೇಜು ಗುದ್ದಿ ಮಾತಾಡುವವರು. ಹಿರಿಯರು ಒಂದೇ ಸಲ ಕೇಳುವುದರೊಳಗೆ ಇಡೀ ಅಂಗಳ "ಹೌದು" ಎಂದಿತು. ಅದರಲ್ಲಿ ಅಕ್ಕನ ದನಿಯೂ ಇತ್ತು. ನನಗೆ ಅಳು ಬಂತು. ಚಪ್ಪಲಿ ಹಾಕಿಕೊಂಡು ಹೊರಗೆ ಬಂದುಬಿಟ್ಟೆ.

ಸಾವ್ಕಾರರು ಸಭೆಯಲ್ಲಿ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಬೇಕು. ಬೇಡ ಎನ್ನಬೇಕಾದಲ್ಲಿ ಬೇಡ ಎಂದರು, ಬೇಕು ಎನ್ನಬೇಕಾದಲ್ಲಿ ಬೇಕು ಎಂದರು. ಕಾನೂನು ಬಂದಿದೆ, ನಮ್ಮವರ ಮಾತು ಕೇಳಲೇಬೇಕು ಎಂದಿದ್ದಳಲ್ಲ ಅಕ್ಕ, ಕೇಳಿದರು. ಮೀನಿನ ಉದ್ಯಮಕ್ಕೆ ತೊಂದರೆಯಾಗುತ್ತದೆ ಎಂದು ವಾದ ಮಾಡಿ ಗೋಡೆಯಲ್ಲಿ ಒಂದು ಗೇಟು ಬಿಡಿಸಿಕೊಂಡರು. ನಮ್ಮ ಹಳೆಯ ದಾರಿ ಇದ್ದಲ್ಲೇ ಆ ಗೇಟು ಇದೆ. ಆದರೆ ಅದು ಪಾಸು ಇರುವ ವಾಹನಗಳಿಗೆ, ಪಾಸು ಇರುವ ಕೆಲಸಗಾರರಿಗೆ. ಬುಟ್ಟಿ ಹೊತ್ತು ಬರುವ ಹೆಂಗಸರನ್ನು ಕಾವಲಿನವನು ಬಿಡುವುದಿಲ್ಲ. ಅವರು ಯಾವ ಉದ್ಯಮಕ್ಕೂ ಸೇರಿದವರಲ್ಲ. ಕೇರಿಯವರು ಇದರ ಬಗ್ಗೆಯೂ ಮೊದಮೊದಲು ಗೊಣಗಿದರು, ಆಮೇಲೆ ಒಬ್ಬೊಬ್ಬರೇ ಹೆಂಗಸರು ಸಾವ್ಕಾರರ ಶೆಡ್ಡಿಗೆ ಶೆಟ್ಲಿ ಸುಲಿಯಲು ಸೇರಿಕೊಂಡರು.

ಅಕ್ಕ ಎಲ್ಲರಿಗಿಂತ ಕಡೆಗೆ ಸೇರಿದಳು. ಮೊಣಕಾಲು ಹೊಯಿಗೆಯಲ್ಲಿ ನಡೆಯಲು ಪೂರ್ತಿ ಕೈಕೊಟ್ಟ ಮೇಲೆ. ನನ್ನ ಜೊತೆ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚು, ಕಾಜು ಮಾಡು ಎಂದು ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ನಿನ್ ಗಂಡನ ಮನೇಲಿ ನಾ ಎಂತಕ್ಕೆ ಕೂರ್ಲಿ?" ಎಂದಳು.

ಮೊನ್ನೆ ಕೇರಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದ ನಾನು ಬೆಳಗ್ಗೆ ವಾಪಸು ಅಂಕೋಲೆಗೆ ಬರಬೇಕಿತ್ತು. ಅಕ್ಕ ಡ್ರೈವರನಿಗೆ ಹೇಳಿ ನನ್ನನ್ನೂ ಹೆಂಗಸರನ್ನು ಶೆಡ್ಡಿಗೆ ಒಯ್ಯುವ ಸಾವ್ಕಾರರ ಟೆಂಪೋದ ಹಿಂದೆ ಹತ್ತಿಸಿಕೊಂಡಳು. ಗೇಟಿನ ಹತ್ತಿರ ಗಾಡಿ ನಿಂತಿತು. ಹೊಸದಾಗಿ ಬಂದ ಕಾವಲಿನ ಹುಡುಗ ಒಳಗೆ ಇಣುಕಿ, "ಯಾರ ಕಡೆಯವರು?" ಎಂದು ಕೇಳಿದ. ಅವನದೇನೂ ತಪ್ಪಿಲ್ಲ, ಕೇಳುವುದು ಅವನ ಕೆಲಸ. ಹುಟ್ಟಿದಾಗಿನಿಂದ ಆ ಮಣ್ಣಿನ ಮೇಲೆ ನಡೆದ ನನ್ನ ಅಕ್ಕ ಕುತ್ತಿಗೆಯ ಪಾಸನ್ನು ಎತ್ತಿ ಹಿಡಿದು, "ಸಾವ್ಕಾರ್ರ ಕಡೆವ್ರು," ಎಂದಳು.